ಎರಡರಿಂದ ಶುರುವಾಗುವ ಮಷೀನು

ಹರಿಹರದ ಹೆಣ್ಣುಮಕ್ಕಳ ಹೈಸ್ಕೂಲಿಗೆ ಎಂಬತ್ತಾರನೇ ಇಸವಿಯಲ್ಲಿ ದಿಲ್ಲಿಯಿಂದ ಎರಡು ಕಂಪ್ಯೂಟರ್ ಬಂದವು. ಬಂದವು ಅಂದರೆ ಬಂದು ಕೂತವು, ಅಷ್ಟೆ. ಹೊಸ ಸೊಸೆಯನ್ನಾದರೂ ಮೂರು ದಿನಕ್ಕೆ ಅಡುಗೆಮನೆಗೆ ಬಿಡುತ್ತಾರೆ. ಇವನ್ನು ಆರು ತಿಂಗಳಾದರೂ ಯಾರೂ ಮುಟ್ಟಲಿಲ್ಲ. ಹೆಡ್ ಮೇಡಂ ದ್ರಾಕ್ಷಾಯಣಮ್ಮನವರು ಎರಡಕ್ಕೂ ಒಂದೊಂದು ಹಳೇ ಸೀರೆ ಹೊದಿಸಿ, ಊದುಬತ್ತಿ ಬೆಳಗಿ, ಕುಂಕುಮ ಹಚ್ಚಿ, ಕೋಣೆಗೆ ಬೀಗ ಜಡಿದುಬಿಟ್ಟರು. ಕರೆಂಟು ಹೆಚ್ಚುಕಮ್ಮಿಯಾಗಿ ಸುಟ್ಟುಹೋದರೆ ದಿಲ್ಲಿಗೆ ಉತ್ತರ ಕೊಡೋರು ಯಾರು? ಹುಡುಗಿಯರು ಮಾತ್ರ ದಿನಾ ಕಿಟಕಿ ಸರಳಿಗೆ ಮೂಗು ಒತ್ತಿ ನೋಡಿ, ಮೂಗಿಗೆ ತುಕ್ಕು ಮೆತ್ತಿಕೊಂಡು ಕ್ಲಾಸಿಗೆ ಹೋಗುತ್ತಿದ್ದರು.

ಆ ಶಾಲೆಯ ಆಫೀಸಿನಲ್ಲಿ ಸಿದ್ದೀಕಾ ಅಂತ ಟೈಪಿಸ್ಟು. ವಯಸ್ಸು ಮೂವತ್ತಾರು, ನೌಕರಿಗೆ ಸೇರಿ ಹದಿನಾರು ವರ್ಷ. ಗಂಡ ಹುಸೇನ್ ಸಾಬ್ ಪಾತ್ರೆಗಳಿಗೆ ಕಲಾಯಿ ಹಾಕುವವನು; ಬಾಯಿ ಕಮ್ಮಿ, ಕೈ ಚುರುಕು. ಮಕ್ಕಳಾಗಲಿಲ್ಲ. ಅದಕ್ಕೆ ಊರವರು ಅತ್ತಷ್ಟು ಅವರಿಬ್ಬರೂ ಅಳಲಿಲ್ಲ ಅನ್ನೋದು ಬೇರೆ ಮಾತು. ಸಿದ್ದೀಕಾ ಕೂತ ಜಾಗದಿಂದ ಟಕಟಕ ಸದ್ದು ಬರುತ್ತಿತ್ತೇ ಹೊರತು ಮಾತು ಬರುತ್ತಿರಲಿಲ್ಲ. ಶಾಲೆಗೆ ಬಂದವರು ಮೇಜು ನೋಡಿ ಮಾತಾಡಿಸುತ್ತಿದ್ದರು, ಮುಖ ನೋಡಿ ಅಲ್ಲ.

ಅವಳಿಗೆ ಈ ವಿದ್ಯೆ ಬಂದದ್ದು ದಾವಣಗೆರೆಯ ಮಂಡಿಪೇಟೆಯಲ್ಲಿ. ಅಪ್ಪ ಬಡೇಸಾಬ್ ಅಲ್ಲಿ ಗೋಣಿಚೀಲ ಹೊಲಿಯುತ್ತಿದ್ದ. ಅಂಗಡಿಯ ಮಾಳಿಗೆ ಮೇಲೆ ಒಂದು ಟೈಪಿಂಗ್ ಇನ್ಸ್ಟಿಟ್ಯೂಟ್. ದಿನವಿಡೀ ತಲೆ ಮೇಲೆ ಆ ಸದ್ದು ಕೇಳಿ ಕೇಳಿ ಬಡೇಸಾಬ್‌ಗೆ ಏನನ್ನಿಸಿತೋ, ಎಸ್ಸೆಸ್ಸೆಲ್ಸಿ ಮುಗಿಸಿದ ಮಗಳನ್ನು ಕೈಹಿಡಿದು ಮೆಟ್ಟಿಲು ಹತ್ತಿಸಿದ. ಅಲ್ಲಿನ ಮಾಸ್ತರರು ಮಹಾ ಮುಂಗೋಪಿ. ಕೀಲಿಮಣೆ ಕಡೆ ಕಣ್ಣು ಹೋದರೆ ಬೆರಳ ಗೆಣ್ಣಿಗೆ ರೂಲರ್ ಬೀಳುತ್ತಿತ್ತು. "ಟೈಪಿಸ್ಟು ಓದಬಾರ್ದು, ನೋಡ್ಬೇಕು. ಅರ್ಥ ಮಾಡ್ಕೋತ ಕುಂತ್ರೆ ಸ್ಪೀಡ್ ಸತ್ತಂಗೆ. ಒಂದು ತಪ್ಪಾದ್ರೆ ಅಡಿಯ ಕಾರ್ಬನ್ ಕಾಪಿ ಎಲ್ಲಾ ಹಾಳು, ನೆನಪಿಟ್ಕೋ!" ಸಿದ್ದೀಕಾ ನೆನಪಿಟ್ಟುಕೊಂಡಳು. ಎಷ್ಟು ನೆನಪಿಟ್ಟುಕೊಂಡಳು ಅಂದರೆ, ತಪ್ಪು ಅನ್ನುವ ಪದ ಕೇಳಿದರೇ ಅವಳ ಗೆಣ್ಣು ನೋಯುತ್ತಿತ್ತು.

ಕಂಪ್ಯೂಟರ್ ಬಂದಾಗ ಸಾಮಾನಿನ ಪಟ್ಟಿ ಮಾಡಲು ಮೇಡಂ ಜೊತೆ ಅವಳೂ ಕೋಣೆಗೆ ಹೋಗಿದ್ದಳು. ಸೀರೆ ಸರಿಸಿ ನೋಡುತ್ತಾಳೆ, ಯಾ ಅಲ್ಲಾ, ಅದೇ ಅಕ್ಷರಗಳು! ಎ, ಎಸ್, ಡಿ, ಎಫ್, ಅದೇ ಸಾಲು, ಅದೇ ಜಾಗ! ಊರೆಲ್ಲ ಭೂತ ಅಂತ ಹೆದರುತ್ತಿದ್ದ ವಸ್ತು ಅವಳಿಗೆ ನೆಂಟರಂತೆ ಕಂಡಿತು. ಆವತ್ತಿಂದ ಅವಳ ಜೀವ ಆ ಕೋಣೆಯ ಮೇಲೇ. ಆದರೆ ಟೈಪಿಸ್ಟಿನ ಆಸೆ ಕೇಳೋರು ಯಾರು?

ಹೀಗಿರುವಾಗ ಮೇಲಿಂದ ಒಂದು ಸುತ್ತೋಲೆ ಬಂತು. ತಿಂಗಳ ಕೊನೆಯೊಳಗೆ ತರಬೇತಿಯಾಗಿ ಟೆಸ್ಟಿನಲ್ಲಿ ಪಾಸಾದ ಒಬ್ಬರ ಹೆಸರು ಬರೆದು ಕಳಿಸಬೇಕು, ಇಲ್ಲದಿದ್ದರೆ ಎರಡೂ ಕಂಪ್ಯೂಟರನ್ನು ದಾವಣಗೆರೆಯ ಗಂಡುಮಕ್ಕಳ ಶಾಲೆಯೊಂದಕ್ಕೆ ಸಾಗಿಸಲಾಗುವುದು. ಸ್ಟಾಫ್ ರೂಮಿನಲ್ಲಿ ಮೇಡಂ ಕೇಳಿದರು, "ಯಾರು ಹೋಗ್ತೀರಿ?" ಗಣಿತದ ಮಾಳಿಂಗಪ್ಪ ಮಾಸ್ತರಿಗೆ ತಕ್ಷಣ ಬೀಪಿ ಬಂತು. ವಿಜ್ಞಾನದ ಟೀಚರ್‌ಗೆ ಮಗಳ ಬಾಣಂತನ ನೆನಪಾಯಿತು. ಉಳಿದವರು ಸೀಲಿಂಗ್ ಫ್ಯಾನಿನ ರೆಕ್ಕೆ ಎಣಿಸತೊಡಗಿದರು.

"ಹೋಗ್ಲಿ ಬಿಡ್ರಿ, ಗಂಡುಹುಡುಗ್ರಾದ್ರೂ ಉದ್ಧಾರ ಆಗ್ಲಿ," ಅಂದರು ಮೇಡಂ, ಬೇಸರದಿಂದ.

ಬಾಗಿಲ ಹತ್ತಿರ ಸಹಿ ಪುಸ್ತಕ ಹಿಡಿದು ನಿಂತಿದ್ದ ಸಿದ್ದೀಕಾಳ ಕಣ್ಣು ಕಿಟಕಿಯಾಚೆ ಹೋಯಿತು. ಆಗಲೂ ನಾಲ್ಕು ಹುಡುಗಿಯರು ಆ ಸರಳಿಗೆ ಅಂಟಿಕೊಂಡಿದ್ದರು.

"ನಾನು ಹೋಗ್ಲಾ ಮೇಡಂ?"

ಹದಿನಾರು ವರ್ಷದಲ್ಲಿ ಆ ಕೋಣೆಯಲ್ಲಿ ಅವಳು ಆಡಿದ ಮೊದಲ ಮಾತು ಅದು. ಎಲ್ಲರೂ ತಿರುಗಿದರು.

"ನೀನಾ? ನೀನು ಟೀಚರ್ ಅಲ್ಲಲ್ಲಮ್ಮ!"

"ಸುತ್ತೋಲೆಯಾಗ ಟೀಚರ್ ಅಂತ ಇಲ್ರಿ ಮೇಡಂ. ಸಿಬ್ಬಂದಿ ಅಂತ ಐತೆ. ನಾನೇ ನಾಲ್ಕು ಕಾಪಿ ಹೊಡ್ದೀನಿ."

ಓದಬಾರದು ಅಂತ ಮಾಸ್ತರರು ಹೇಳಿದ್ದನ್ನು ಆವತ್ತು ಮೀರಿದ್ದಳು ನೋಡಿ. ದ್ರಾಕ್ಷಾಯಣಮ್ಮ ಕನ್ನಡಕ ಏರಿಸಿ ಸುತ್ತೋಲೆಯನ್ನು ಮತ್ತೆ ಓದಿದರು. ಹೌದು, ಸಿಬ್ಬಂದಿ ಅಂತಲೇ ಇತ್ತು. "ಹೋಗಿ ಬಾ. ಆದ್ರೆ ಫೇಲಾಗಿ ಬಂದ್ರೆ ಲಾರಿ ಬಂದು ಮಷೀನ್ ಹೊತ್ಕೊಂಡು ಹೋಗುತ್ತೆ, ತಿಳ್ಕೋ," ಅಂದರು.

ತರಬೇತಿ ದಾವಣಗೆರೆಯ ಒಂದು ಕಾಲೇಜಿನಲ್ಲಿ, ಮೂರು ವಾರ. ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು. ಹತ್ತು ಮಷೀನು, ಇಪ್ಪತ್ತು ಜನ. ಹತ್ತೊಂಬತ್ತು ಗಂಡಸರು, ಎಲ್ಲರೂ ಬಿ.ಎಸ್ಸಿ., ಬಿ.ಎಡ್. ಇಪ್ಪತ್ತನೆಯವಳು ಸಿದ್ದೀಕಾ, ಎಸ್ಸೆಸ್ಸೆಲ್ಸಿ. ಕಲಿಸುವ ಉಜ್ಜನಪ್ಪ ಸಾರ್‌ಗೆ ಇಪ್ಪತ್ತಾರು ವರ್ಷ ಇರಬಹುದು. ಒಳ್ಳೆಯ ಹುಡುಗ, ಆದರೆ ಅವಸರದ ಪ್ರಾಣಿ. ಒಂದು ಮಷೀನಿಗೆ ಇಬ್ಬರಂತೆ ಕೂರಿಸಿದರು. ಸಿದ್ದೀಕಾ ಪಕ್ಕ ಲೋಕಿಕೆರೆ ಹೈಸ್ಕೂಲಿನ ಗಣಿತದ ಮೇಷ್ಟ್ರು ಬಕ್ಕೇಶಪ್ಪ. ಐವತ್ತೈದು ವರ್ಷ, ಹಣೆ ತುಂಬ ವಿಭೂತಿ, ಕೋಟಿನ ಜೇಬಿನ ತುಂಬ ಸೀಮೆಸುಣ್ಣದ ಚೂರು.

"ಯಾರಾರ ಒಬ್ರು ಹೊಡೀರಿ," ಅಂದರು ಉಜ್ಜನಪ್ಪ, ಬೋರ್ಡಿನ ಮೇಲೆ ಒಂದು ಸಾಲು ಬರೆದು. ಹತ್ತು ಅನ್ನುವ ಅಂಕಿಯಿಂದ ಶುರುವಾಗುವ ಸಾಲು. ಸಿದ್ದೀಕಾ ಕಣ್ಣು ಬೋರ್ಡಿನ ಮೇಲಿಟ್ಟು ಟಕಟಕ ಹೊಡೆದೇಬಿಟ್ಟಳು. ಇಡೀ ಕೋಣೆ ಆ ವೇಗಕ್ಕೆ ಬೆರಗಾಗಿ ನೋಡಿತು. ಪರದೆಯ ಮೇಲೆ ಒಂದೇ ಪದ ಬಂತು: ಮಿಸ್ಟೇಕ್.

ಮತ್ತೆ ಹೊಡೆದಳು. ಮಿಸ್ಟೇಕ್. ಇನ್ನೊಮ್ಮೆ. ಮಿಸ್ಟೇಕ್. ಅವಳ ಗೆಣ್ಣು ನೋಯತೊಡಗಿತು. ಉಜ್ಜನಪ್ಪ ಬಂದು ಬೆರಳು ಎಲ್ಲಿ ಬೀಳುತ್ತದೆ ಅಂತ ನೋಡಿದರು.

"ಏನಮ್ಮಾ, ಒಂದು ಹೊಡೀರಿ ಅಂದ್ರೆ ಎಲ್ ಅಕ್ಷರ ಹೊಡೀತಿದೀರಲ್ಲ? ಸೊನ್ನೆಗೆ ಓ ಹೊಡೀತಿದೀರಿ!"

"ಎರಡೂ ಒಂದೇ ಅಲ್ವಾ ಸಾರ್?"

ಕೋಣೆಗೆ ಕೋಣೆಯೇ ನಕ್ಕಿತು. ನಗಲಿ ಬಿಡಿ, ನಗೋರಿಗೇನು ಗೊತ್ತು? ಆ ಕಾಲದ ಟೈಪ್‌ರೈಟರುಗಳಲ್ಲಿ, ಅದರಲ್ಲೂ ಹಳೇ ಮಷೀನುಗಳಲ್ಲಿ, ಒಂದು ಅನ್ನುವ ಕೀಲಿಯೇ ಇರುತ್ತಿರಲಿಲ್ಲ. ಸೊನ್ನೆಯೂ ಇಲ್ಲ. ಸಣ್ಣ ಎಲ್ ಹೊಡೆದರೆ ಕಾಗದದ ಮೇಲೆ ಒಂದರಂತೆ ಕಾಣುತ್ತದೆ, ದೊಡ್ಡ ಓ ಹೊಡೆದರೆ ಸೊನ್ನೆಯಂತೆ. ಮನುಷ್ಯರ ಕಣ್ಣಿಗೆ ಅಷ್ಟು ಸಾಕಿತ್ತು. ಹದಿನಾರು ವರ್ಷದ ಎಲ್ಲಾ ತಾರೀಖು, ಎಲ್ಲಾ ಅಂಕಪಟ್ಟಿ ಸಿದ್ದೀಕಾ ಹೀಗೇ ಹೊಡೆದಿದ್ದಳು. ಈ ಹಾಳು ಪೆಟ್ಟಿಗೆ ಮಾತ್ರ, ಒಂದು ಅಂದರೆ ಒಂದೇ ಆಗಬೇಕು ಅಂತ ಹಟ ಹಿಡಿದಿತ್ತು.

ಅವಳು ತಲೆ ತಗ್ಗಿಸಿ ಕೂತಾಗ ಬಕ್ಕೇಶಪ್ಪನವರು ಮೆಲ್ಲಗೆ ಅಂದರು, "ಯಾಕ ತಂಗಿ, ಇಷ್ಟಕ್ಕೆಲ್ಲಾ ಮಾರಿ ಸಣ್ಣದು ಮಾಡ್ಕೋತಿ? ನನ್ನ ನೋಡು, ಎ ಎಲ್ಲೈತೆ ಅಂತ ಹುಡುಕೋದ್ರಾಗೇ ಗಂಟೆ ಹೊಡೀತೈತಿ." ನಿಜವೇ. ಒಂದೇ ಬೆರಳಲ್ಲಿ, ಕೋಳಿ ಕಾಳು ಹೆಕ್ಕಿದ ಹಾಗೆ ಅವರು ಹೊಡೆಯುವುದನ್ನು ನೋಡಿದರೆ ಅಳುವವರಿಗೂ ನಗು ಬರಬೇಕು. ಸಿದ್ದೀಕಾಗೂ ಬಂತು.

ಮಾರನೆಯ ದಿನದಿಂದ ಇಬ್ಬರೂ ಒಂದು ಒಪ್ಪಂದಕ್ಕೆ ಬಂದರು. ಮೇಷ್ಟ್ರು ಬಾಯಲ್ಲಿ ಹೇಳುವುದು, ಇವಳು ಹೊಡೆಯುವುದು. ತಲೆ ಅವರದು, ಕೈ ಇವಳದು. ಕೈ ಎಲ್ಲಿಗೋ ಬೀಳುತ್ತಿತ್ತು, ಮಿಸ್ಟೇಕ್ ಬರುತ್ತಿತ್ತು, ಅಳಿಸಿ ಮತ್ತೆ ಹೊಡೆಯುತ್ತಿದ್ದರು. ಎಂಟು ದಿನ ಕಳೆದ ಮೇಲೆ ಸಿದ್ದೀಕಾಗೆ ಒಂದು ಸಂಗತಿ ಹೊಳೆಯಿತು. ಸಂಜೆ ಮನೆಗೆ ಬಂದವಳೇ, ಚಪ್ಪಲಿ ಬಿಡುವ ಮೊದಲೇ ಗಂಡನಿಗೆ ಹೇಳಿದಳು.

"ಕೇಳ್ರೀ, ಅದು ತಪ್ಪು ಅಂತ ಹೇಳುತ್ತೆ, ಆದ್ರೆ ಬೈಯಲ್ಲ! ಎಷ್ಟ್ ಸಲ ತಪ್ಪಿದ್ರೂ ಒಂದು ಹಾಳೆ ಹಾಳಾಗಲ್ಲ. ಮತ್ತೆ ಹೊಡಿ ಅಂತ ಸುಮ್ಮನೆ ಕಾಯ್ತಾ ಕುಂತಿರ್ತೈತೆ."

ಹುಸೇನ್ ಸಾಬ್ ಕೈಯಲ್ಲಿದ್ದ ಹಿತ್ತಾಳೆ ಬೋಗುಣಿ ತಿರುಗಿಸಿ ನೋಡುತ್ತಾ, "ನಮ್ಮ ಕಲಾಯಿ ಹಂಗೇ ಅನ್ನು. ಸರಿಯಾಗಿ ಹತ್ಲಿಲ್ಲ ಅಂದ್ರೆ ಮತ್ತೆ ಕಾಸೋದು, ಮತ್ತೆ ಹಚ್ಚೋದು," ಅಂದ. ಹೆಂಡತಿ ಇಷ್ಟು ಮಾತಾಡಿದ್ದು ಅವನು ಕೇಳಿಯೇ ಇರಲಿಲ್ಲ. ಪಾತ್ರೆ ಪಕ್ಕಕ್ಕಿಟ್ಟು, ಇನ್ನೂ ಹೇಳು ಅನ್ನುವಂತೆ ಗೋಡೆಗೆ ಒರಗಿ ಕೂತ.

ಎರಡನೇ ವಾರದ ಕೊನೆಗೆ ಉಜ್ಜನಪ್ಪ ಸಾರ್ ಒಂದು ಬಾಂಬ್ ಹಾಕಿದರು. ಟೆಸ್ಟಿನಲ್ಲಿ ಒಬ್ಬೊಬ್ಬರೇ ಕೂರಬೇಕು. ಮೇಷ್ಟ್ರ ತಲೆ ಇಲ್ಲದೆ ಸಿದ್ದೀಕಾಳ ಕೈ ಏನು ಮಾಡೀತು? ಕಾಲೇಜಿನ ಹೊರಗೆ ಮಂಡಕ್ಕಿ ಗಾಡಿಯ ಹತ್ತಿರ ನಿಂತು, "ಮೇಷ್ಟ್ರೇ, ನಾನು ಬರೇ ಹೊಡೀತೀನ್ರಿ, ನಂಗೆ ಅರ್ಥ ಆಗಲ್ಲ. ಎಸ್ ಅಂದ್ರೆ ಎಸ್ ಪ್ಲಸ್ ಎನ್ ಅಂತೀರಿ. ಎಸ್ಸು ಎಸ್ಸಿಗಿಂತ ಹೆಂಗೆ ಜಾಸ್ತಿ ಆಗುತ್ತೆ? ನಾನು ಫೇಲಾದ್ರೆ ಮಷೀನ್ ಹೋಗ್ತಾವೆ," ಅಂದಳು. ಕಣ್ಣಲ್ಲಿ ನೀರೇ ಬಂದುಬಿಟ್ಟಿತ್ತು.

ಬಕ್ಕೇಶಪ್ಪನವರು ಪೇಪರಿನ ಮೇಲಿದ್ದ ಮಂಡಕ್ಕಿಯನ್ನೇ ಎಳೆದುಕೊಂಡರು. ಮೂವತ್ತು ವರ್ಷ ಪಾಠ ಮಾಡಿದ ಮನುಷ್ಯ, ಬೋರ್ಡು ಇಲ್ಲದಿದ್ದರೆ ಬಿಡುತ್ತಾರೆಯೇ? "ನೋಡವ್ವ, ಎಸ್ ಅನ್ನೋದು ಒಂದು ಡಬ್ಬಿ. ಮೊದ್ಲು ಖಾಲಿ. ಒಂದು ಮಂಡಕ್ಕಿ ಹಾಕ್ದೆ, ಈಗ ಒಂದು. ಮತ್ತೆ ಎರಡು ಹಾಕ್ದೆ. ಈಗೆಷ್ಟು?"

"ಮೂರು."

"ಡಬ್ಬಿ ಅದೇ, ಒಳಗಿಂದು ಬೇರೆ. ಹೊಸ ಎಸ್ಸು ಅಂದ್ರೆ ಹಳೇ ಎಸ್ಸಿಗೆ ಈಗ ಹಾಕಿದ್ದು ಸೇರಿ. ಇನ್ನು ಮೂರು ಹಾಕು ನೋಡಾಣ."

ಅವಳು ಹಾಕಿದಳು. ನಾಲ್ಕು ಹಾಕಿದಳು, ಐದು ಹಾಕಿದಳು. ಹತ್ತರ ತನಕ ಹಾಕಿ ಒಟ್ಟು ಐವತ್ತೈದು ಅಂತ ಎಣಿಸಿದಾಗ ಮಂಡಕ್ಕಿ ಮೆತ್ತಗಾಗಿತ್ತು, ಮೆಣಸಿನಕಾಯಿ ಬಜ್ಜಿ ಆರಿಹೋಗಿತ್ತು, ಗಾಡಿಯವನು ಈ ಇಬ್ಬರಿಗೂ ತಲೆ ಕೆಟ್ಟಿದೆ ಅಂತ ತೀರ್ಮಾನಿಸಿದ್ದ. ಸಿದ್ದೀಕಾ ಮಾತ್ರ ನಿಂತಲ್ಲೇ ನಗುತ್ತಿದ್ದಳು. ಅರ್ಥ ಆಗುವುದು ಅಂದರೆ ಇಷ್ಟು ಚೆಂದ ಇರುತ್ತದೆ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ಆ ಸಂಜೆಯಿಂದ ಮೇಷ್ಟ್ರು ಲೆಕ್ಕ ಹೇಳಿಕೊಡುವುದು, ಇವಳು ಅವರಿಗೆ ಎ ಯಾವ ಬೆರಳಿಗೆ, ಬಿ ಯಾವ ಬೆರಳಿಗೆ ಅಂತ ಮೇಜಿನ ಅಂಚಿನ ಮೇಲೆ ತೋರಿಸಿಕೊಡುವುದು, ಹೀಗೆ ನಡೆಯಿತು.

ಒಂದು ಮಾತ್ರ ಉಳಿಯಿತು: ಬೆರಳು. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರಲ್ಲ, ಬೆರಳಿನ ಗುಣವೂ ಹಾಗೇ. ಎಲ್ ಮತ್ತು ಓ ಎರಡೂ ಬಲಗೈಯ ಉಂಗುರ ಬೆರಳಿನ ಪಾಲಿನವು. ಒಂದು ಅಂತ ಕಂಡರೆ ಸಾಕು, ಸಿದ್ದೀಕಾಳನ್ನು ಕೇಳದೆ ಆ ಬೆರಳು ಹೋಗಿ ಎಲ್ ಮೇಲೆ ಕೂತಿರುತ್ತಿತ್ತು. ಟೆಸ್ಟಿನ ದಿನ ಬೆಳಿಗ್ಗೆ ಅವಳು ಗಂಡನ ಮುಂದೆ ಕೈ ಚಾಚಿದಳು. "ಇದಕ್ಕೊಂದು ಬಟ್ಟೆ ಕಟ್ರಿ. ಬಿಗಿಯಾಗಿ. ಓಡೋಕೆ ಹೋದ್ರೆ ನಂಗೆ ಗೊತ್ತಾಗ್ಬೇಕು."

ಹುಸೇನ್ ಸಾಬ್ ತನ್ನ ಹಳೇ ಲುಂಗಿಯ ಅಂಚು ಹರಿದು, ಗಾಯಕ್ಕೆ ಕಟ್ಟುವಷ್ಟು ಜೋಪಾನವಾಗಿ ಸುತ್ತಿ ಕಟ್ಟಿದ. ಬಸ್ ಸ್ಟ್ಯಾಂಡಿನ ತನಕ ಬಂದ. "ಪಾಸಾಗ್ದೇ ಇದ್ರೂ ಏನೂ ಆಗಲ್ಲ, ಮನೆಗೆ ಬಾ," ಅಂದ. ಬಸ್ಸು ಹೊರಟ ಮೇಲೂ ಅವನು ಅಲ್ಲೇ ನಿಂತಿದ್ದುದು ಅವಳಿಗೆ ಕಿಟಕಿಯಿಂದ ಕಾಣಿಸಿತು.

ಮೊದಲ ಸರದಿಗೆ ಹತ್ತು ಜನ. ಬಕ್ಕೇಶಪ್ಪನವರು ಮುಂದಿನ ಸಾಲಿನಲ್ಲಿ, ಸಿದ್ದೀಕಾ ಹಿಂದೆ. ಅದುವರೆಗೆ ಎಲ್ಲವನ್ನೂ ಬೋರ್ಡಿನ ಮೇಲೆ ಬರೆಯುತ್ತಿದ್ದ ಉಜ್ಜನಪ್ಪ, ಟೆಸ್ಟು ಅಂತ ಆವತ್ತು ಆಫೀಸಿನಲ್ಲಿ ಟೈಪ್ ಮಾಡಿಸಿ ಸೈಕ್ಲೋಸ್ಟೈಲ್ ಮಾಡಿದ ಹಾಳೆ ಹಂಚಿದರು. "ಇದ್ದದ್ದು ಇದ್ದ ಹಾಗೇ ಹೊಡೀಬೇಕು. ಒಂದಕ್ಷರ ಆಚೀಚೆ ಆಗಂಗಿಲ್ಲ. ಒಂದರಿಂದ ನೂರರ ತನಕ ಕೂಡಿದ ಮೊತ್ತ ಬರುತ್ತೆ. ಆಮೇಲೆ ಇನ್ನೂರರ ತನಕ ಬರೋ ಹಾಗೆ ನೀವೇ ತಿದ್ದಿ."

ಸಿದ್ದೀಕಾ ಹೊಡೆದಳು. ಒಂದು ಬಂದಲ್ಲೆಲ್ಲ ಉಂಗುರ ಬೆರಳು ಚಡಪಡಿಸಿತು, ಬಟ್ಟೆ ಬಿಗಿದು ಎಚ್ಚರಿಸಿತು, ಎಡಗೈ ಕಿರುಬೆರಳು ಹೋಗಿ ನಿಜವಾದ ಒಂದನ್ನು ಮುಟ್ಟಿತು. ಪ್ರೋಗ್ರಾಂ ಓಡಿಸಿದಳು. ಐದು ಸಾವಿರದ ಐವತ್ತು. ಡಬ್ಬಿ ನೆನಪಾಯಿತು, ನೂರನ್ನು ಇನ್ನೂರು ಮಾಡಿದಳು. ಇಪ್ಪತ್ತು ಸಾವಿರದ ನೂರು. ಒಂದೂ ಮಿಸ್ಟೇಕ್ ಇಲ್ಲ!

ಆದರೆ ಕೋಣೆಯಲ್ಲಿ ಬೇರೆಯೇ ಗಾಳಿ ಬೀಸುತ್ತಿತ್ತು. "ಸಾರ್, ಮಿಸ್ಟೇಕ್ ಬರ್ತೈತೆ." "ಸಾರ್, ನಂಗೂ." ಒಂಬತ್ತು ಮಷೀನಿನಲ್ಲೂ ಅದೇ ಪದ. ಮುಂದೆ ಬಕ್ಕೇಶಪ್ಪನವರ ಕತ್ತು ಬೆವರಿ, ವಿಭೂತಿ ಕರಗಿ ಇಳಿಯುತ್ತಿತ್ತು. ಉಜ್ಜನಪ್ಪ ಹಾಳೆ ನೋಡಿದರು, ಪರದೆ ನೋಡಿದರು. ಎರಡೂ ಒಂದೇ ಥರ ಇದ್ದವು. ಆ ಟೀವಿಯಂಥ ಪರದೆಯಲ್ಲಿ ಓ ಯಾವುದು, ಸೊನ್ನೆ ಯಾವುದು ಅಂತ ಬ್ರಹ್ಮನಿಗೂ ತಿಳಿಯುವ ಹಾಗಿರಲಿಲ್ಲ.

"ಹಾಳೆ ಸರಿಯಾಗೇ ಇದೆ, ಪ್ರೋಗ್ರಾಂ ನಾನೇ ಬರೆದದ್ದು! ಕುಣಿಯಲಾರದವರಿಗೆ ನೆಲ ಡೊಂಕು!" ಅಂತ ರೇಗಿದರು. ಐದು ನಿಮಿಷ ಕಳೆಯಿತು. ಕೊನೆಗೆ ಅವರಿಗೂ ಗಾಬರಿಯಾಯಿತು. "ಮಷೀನಲ್ಲೇ ಏನೋ ಆಗಿದೆ ಅನ್ಸುತ್ತೆ. ಎದ್ದೇಳಿ, ಇವತ್ತಿನ ಟೆಸ್ಟ್ ರದ್ದು. ಮುಂದಿನ ತಿಂಗಳು ಬನ್ನಿ."

ಮುಂದಿನ ತಿಂಗಳು! ಸುತ್ತೋಲೆಯ ಗಡುವಿಗೆ ನಾಲ್ಕೇ ದಿನ. ಬಾಯಿಗೆ ಬಂದ ತುತ್ತು ಬೀಳುತ್ತಿತ್ತು. ಸಿದ್ದೀಕಾ ಕೈಯಲ್ಲಿದ್ದ ಹಾಳೆ ನೋಡಿದಳು. ಈಗ ಹೊಡೆಯುವುದಕ್ಕಲ್ಲ, ಓದುವುದಕ್ಕೆ ನೋಡಿದಳು. ಸಾಲಿನ ಮೊದಲ ಒಂದು, ಅದರ ಪಕ್ಕದ ದಪ್ಪ ಸೊನ್ನೆ. ಅಯ್ಯೋ, ಇವು ತನ್ನವೇ! ತಾನು ಹದಿನಾರು ವರ್ಷ ಹೊಡೆದ ಒಂದು, ತಾನು ಹೊಡೆದ ಸೊನ್ನೆ!

ಹಾಳೆ ಹಿಡಿದುಕೊಂಡೇ ಎದ್ದಳು.

"ಸಾರ್, ಈ ಸಲ ನೆಲಾನೇ ಡೊಂಕೈತ್ರಿ."

"ಏನಂದ್ರಿ?"

"ಇದನ್ನ ಹೊಡ್ದ ಮಷೀನ್‌ನಾಗ ಒಂದು ಇಲ್ರಿ ಸಾರ್."

"ಒಂದು ಇಲ್ಲ ಅಂದ್ರೆ?"

"ಎರಡರಿಂದ ಶುರು."

ಯಾರೋ ಕಿಸಕ್ಕೆಂದರು. ಅವಳು ನಿಲ್ಲಿಸಲಿಲ್ಲ. "ಹಾಳೆಯಾಗಿರೋದು ಒಂದಲ್ಲ ಸಾರ್, ಎಲ್ಲು. ಸೊನ್ನೆ ಅಲ್ಲ, ಓ. ಇದ್ದದ್ದು ಇದ್ದಂಗೆ ಹೊಡೀರಿ ಅಂದ್ರಿ, ಪಾಪ ಇವ್ರು ಹಂಗೇ ಹೊಡ್ದಾರೆ. ನನ್ನ ಕಣ್ಣಿಗೆ ಅದು ಒಂದು ಅಂತ್ಲೇ ಕಂಡಿದ್ದು. ಬೆರಳು ಎಲ್‌ಗೆ ಓಡ್ತಿತ್ತು, ಆದ್ರೆ ಕಟ್ಟಿತ್ತು." ಅಂತ ಬಟ್ಟೆ ಸುತ್ತಿದ ಬೆರಳು ಎತ್ತಿ ತೋರಿಸಿದಳು. ಈ ಸಲ ಯಾರೂ ನಗಲಿಲ್ಲ.

ಉಜ್ಜನಪ್ಪ ಆಫೀಸಿಗೆ ಓಡಿದರು, ಹಿಂದೆ ಹತ್ತೂ ಜನ. ಅಲ್ಲಿನ ಟೈಪಿಸ್ಟು ಮಾರಣ್ಣ, ರಿಟೈರಾಗಲು ಆರು ತಿಂಗಳಿದ್ದ ಮುದುಕ, ಇಷ್ಟು ಜನ ನುಗ್ಗಿದ್ದು ನೋಡಿ ಎದ್ದೇ ನಿಂತುಬಿಟ್ಟ. ಮಷೀನಿನ ಮೇಲಿನ ಸಾಲು ನೋಡಿದರು. ಎರಡು, ಮೂರು, ನಾಲ್ಕು... ಒಂಬತ್ತಕ್ಕೆ ಮುಗಿಯಿತು. ಒಂದೂ ಇಲ್ಲ, ಸೊನ್ನೆಯೂ ಇಲ್ಲ.

"ನನ್ನಿಂದ ಏನಾರ ತಪ್ಪಾತಾ ಸಾರ್?" ಮಾರಣ್ಣ ಕೇಳಿದ.

"ಇಲ್ರೀ ಅಣ್ಣಾರೆ," ಅಂದಳು ಸಿದ್ದೀಕಾ, ಉಜ್ಜನಪ್ಪ ಬಾಯಿ ತೆರೆಯುವ ಮೊದಲೇ. "ನೀವು ಕಲ್ತಂಗೆ ಹೊಡ್ದೀರಿ. ನಾನೂ ಹಂಗೇ ಕಲ್ತೋಳು. ಒಂದು ತಪ್ಪೂ ಇಲ್ಲ." ಮುದುಕ ಮೆಲ್ಲಗೆ ಕೂತ. ಉಜ್ಜನಪ್ಪ ತಲೆ ಕೆರೆದುಕೊಂಡು ನಕ್ಕರು. "ನಾನು ಜನ್ಮದಲ್ಲಿ ಟೈಪ್‌ರೈಟರ್ ಮುಟ್ಟಿಲ್ಲಮ್ಮ, ನಂಗೆ ಹೇಗೆ ಗೊತ್ತಾಗ್ಬೇಕು!" ಅಂದು, ವಾಪಸ್ ಬಂದು ಬೋರ್ಡಿನ ಮೇಲೆ ಬರೆದು, ಟೆಸ್ಟು ಮುಂದುವರಿಸಿದರು. ಬಕ್ಕೇಶಪ್ಪ ಮೇಷ್ಟ್ರು ಎಲ್ಲರಿಗಿಂತ ಕೊನೆಗೆ, ಎರಡೂ ಕೈಯ ಆರು ಬೆರಳು ಬಳಸಿ, ಪಾಸಾದರು. ಹೊರಗೆ ಬಂದು ಸಿದ್ದೀಕಾಳ ತಲೆ ಮೇಲೆ ಕೈಯಿಟ್ಟರು.

ಗಡುವಿಗೆ ಎರಡು ದಿನ ಮುಂಚೆ ದ್ರಾಕ್ಷಾಯಣಮ್ಮನವರು ಆಫೀಸಿಗೆ ಬಂದು, ಎಂದೂ ಇಲ್ಲದ ಹಾಗೆ, ಸಿದ್ದೀಕಾಳ ಎದುರು ಸ್ಟೂಲ್ ಎಳೆದುಕೊಂಡು ಕೂತರು. "ಹಾಳೆ ಹಾಕಮ್ಮ, ದಿಲ್ಲಿಗೆ ಕಾಗದ. ಮೂರು ಕಾರ್ಬನ್ ಇಡು." ಇಂಗ್ಲಿಷಿನಲ್ಲಿ ಹೇಳುತ್ತಾ ಹೋದರು. ಮಷೀನುಗಳು ಸುಸ್ಥಿತಿಯಲ್ಲಿವೆ. ನಮ್ಮ ಶಾಲೆಯಲ್ಲೇ ಉಳಿಯತಕ್ಕದ್ದು. ಸೋಮವಾರದಿಂದ ಹುಡುಗಿಯರಿಗೆ ಪಾಠ ಶುರು. ಪಾಠ ಮಾಡುವವರು, ತರಬೇತಿ ಪಡೆದ ಶ್ರೀಮತಿ...

ಟಕಟಕ ನಿಂತಿತು. ಹದಿನಾರು ವರ್ಷದಲ್ಲಿ ಊರಿನ ಎಲ್ಲರ ಹೆಸರು ಹೊಡೆದಿದ್ದಳು, ತನ್ನದೊಂದನ್ನು ಬಿಟ್ಟು. ಯಾವ ಕಾಗದಕ್ಕೂ ಅದರ ಅಗತ್ಯ ಬಿದ್ದಿರಲಿಲ್ಲ.

"ಯಾಕ, ಏನಾತು?"

"ಮೇಡಂ, ನನ್ನ ಹೆಸರಿಗೆ ಕೆ ಹಾಕ್ಲಾ, ಕ್ಯೂ ಹಾಕ್ಲಾ? ಸರ್ವೀಸ್ ಬುಕ್ಕಿನಾಗ ಯಾರೋ ಕೆ ಬರ್ದಾರೆ. ನಮ್ಮಪ್ಪ ಕರೀತಿದ್ದುದು ಕ್ಯೂ. ಗಂಟಲಿಂದ ಬರೋದು."

ದ್ರಾಕ್ಷಾಯಣಮ್ಮ ಅವಳ ಮುಖ ನೋಡಿದರು. ಮೇಜನ್ನಲ್ಲ, ಮುಖವನ್ನು.

"ನಿನ್ನ ಹೆಸರು ತಾಯಿ. ನೀನು ಹೇಳಿದ್ದೇ ಸರಿ."

ಸಿದ್ದೀಕಾಗೆ ಕಾಗದ ಮಂಜುಮಂಜಾಗಿ ಕಂಡಿತು. ಸೆರಗಿನಿಂದ ಕಣ್ಣೊರೆಸಿಕೊಂಡು ಕೂತಳು. ಕ್ಯೂ ಕೀಲಿ ಎಡಗಡೆ ತುತ್ತತುದಿಯ ಮೂಲೆಯಲ್ಲಿರುತ್ತದೆ. ತಿಂಗಳಿಗೆ ನಾಲ್ಕು ಸಲ ಕೆಲಸ ಬಿದ್ದರೆ ಹೆಚ್ಚು, ಅದಕ್ಕೆ ಬಿಗಿಯಾಗಿರುತ್ತದೆ, ಮೆಲ್ಲಗೆ ಒತ್ತಿದರೆ ಕೆಳಗಿನ ಕಾಪಿಗೆ ಇಳಿಯುವುದಿಲ್ಲ. ಅವಳು ಅದನ್ನು ಮೂರನೇ ಕಾರ್ಬನ್ನಿನ ತನಕ ಇಳಿಯುವ ಹಾಗೆ ಗಟ್ಟಿಯಾಗಿ ಹೊಡೆದಳು.